ಒಂದೇ ಸಿಹಿಗೆಣಸು ಒಮ್ಮೆ ಜೇನಿನ ಹಾಗೆ, ಇನ್ನೊಮ್ಮೆ ಸಪ್ಪೆ. ಯಾಕೆ?

ಗೆಣಸಿನಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಯೋಚನೆ. ಒಂದೇ ರಾಶಿಯಿಂದ ಆರಿಸಿ ತಂದ ಸಿಹಿಗೆಣಸು. ಭಾನುವಾರ ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಒಂದು ಗಂಟೆ ಸುಟ್ಟೆ. ಮುರಿದರೆ ಒಳಗಿಂದ ಪಾಕ ಜಿನುಗಿ ಬೆರಳಿಗೆಲ್ಲ ಅಂಟಿಕೊಂಡಿತು, ಅಷ್ಟು ಸಿಹಿ. ಮಂಗಳವಾರ ಆತುರ ಇತ್ತು, ಹೋಳು ಮಾಡಿ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದೆ. ಬೆಂದಿದ್ದೇನೋ ಚೆನ್ನಾಗಿತ್ತು, ಆದರೆ ರುಚಿ ಬರೀ ಸಪ್ಪೆ. ಸಿಹಿಯೆಲ್ಲ ನೀರಿಗೆ ಇಳಿದುಬಿಡ್ತಾ?

ಇನ್ನೆರಡು ಪ್ರಶ್ನೆ ಜೊತೆಗೇ ಕೇಳಿಬಿಡುತ್ತೇನೆ. ಕೆಸುವಿನ ಗಡ್ಡೆ ಹೆಚ್ಚಿದರೆ ಕೈ ತುರಿಕೆ, ತಿಂದ ಮೇಲೆ ಗಂಟಲೂ ಕೆರೆಯಿತು. ಮತ್ತೆ, ಮರಗೆಣಸು ಇದೇ ಮೊದಲ ಸಲ ತಂದಿದ್ದೇನೆ. ಕ್ಯಾರೆಟ್ ತರಹ ತುರಿದು ಹಸಿಯಾಗೇ ತಿನ್ನಬಹುದಾ?

ಬೇರುನಾರು:

ಮೊದಲು ಕೊನೆ ಪ್ರಶ್ನೆ. ಮರಗೆಣಸನ್ನು ಹಸಿಯಾಗಿ ತಿನ್ನಲೇಬೇಡಿ, ದಯವಿಟ್ಟು. ಅದರಲ್ಲಿ ಲಿನಮರಿನ್ ಅನ್ನೋ ಅಂಶ ಇದೆ. ತುರಿದಾಗ, ಜಗಿದಾಗ ಗಡ್ಡೆಯ ಜೀವಕೋಶ ಒಡೆದು ಅದರಿಂದ ಸಯನೈಡ್ ಬಿಡುಗಡೆ ಆಗುತ್ತದೆ. ಸಿಹಿ ಜಾತಿಯಲ್ಲಿ ಇದು ಕಡಿಮೆ, ಹೆಚ್ಚಾಗಿ ಸಿಪ್ಪೆಯಲ್ಲಿ ಇರುತ್ತದೆ. ಕಹಿ ಜಾತಿಯಲ್ಲಿ ತಿರುಳಲ್ಲೂ ಜಾಸ್ತಿ. ಹೊರಗಿನ ಕಂದು ಸಿಪ್ಪೆ, ಅದರ ಕೆಳಗಿನ ದಪ್ಪ ಪದರ ಎರಡನ್ನೂ ತೆಗೆಯಿರಿ. ಸಣ್ಣ ತುಂಡು ಮಾಡಿ ನೀರಿನಲ್ಲಿ ನೆನೆಹಾಕಿ, ಆಮೇಲೆ ಬೇರೆ ನೀರು ಜಾಸ್ತಿ ಹಾಕಿ ಮುಚ್ಚಳ ಇಲ್ಲದೆ ಪೂರ್ತಿ ಬೇಯಿಸಿ, ಆ ನೀರು ಚೆಲ್ಲಿ. ಬೆಂದ ಮೇಲೂ ನಾಲಿಗೆಗೆ ಕಹಿ ಅನಿಸಿದರೆ ಅದನ್ನು ಬಿಟ್ಟುಬಿಡಿ. ಕಹಿ ಜಾತಿಯನ್ನು ತುರಿದು, ಹುಳಿಬರಿಸಿ, ಹಿಂಡಿ, ಒಣಗಿಸಿದ ಮೇಲೆಯೇ ಬಳಸುವುದು. ಅದು ತಿಳಿದವರ ಕೆಲಸ.

ಇಷ್ಟು ಹೇಳಿದೆ ಅಂತ ಹೆದರಿ ಎಸೆಯಬೇಡಿ. ಸರಿಯಾಗಿ ಬೆಂದ ಮರಗೆಣಸು ಬಾಯಲ್ಲಿ ಬೆಣ್ಣೆ ಹಾಗೆ, ನಡುವಿನ ನಾರು ಎಳೆದು ತೆಗೆದರೆ ಆಯ್ತು. ಸಾಬಕ್ಕಿ ಕಾಳುಗಳನ್ನು ಮಾಡುವುದೂ ಇದರ ಪಿಷ್ಟದಿಂದಲೇ.

ಸಣ್ಣ ಉರಿ:

ಗೆಣಸಿನಬಳ್ಳಿ ಅವರೇ, ಸಿಹಿ ನೀರಿಗೆ ಇಳಿದದ್ದು ಸ್ವಲ್ಪ ಇರಬಹುದು, ಆದರೆ ನಿಜವಾಗಿ ಆದದ್ದು ಬೇರೆ. ಮಂಗಳವಾರ ಆ ಸಿಹಿ ಹುಟ್ಟಲೇ ಇಲ್ಲ.

ಹಸಿ ಗೆಣಸಿನಲ್ಲಿ ಸಕ್ಕರೆ ಸ್ವಲ್ಪ, ಪಿಷ್ಟ ಜಾಸ್ತಿ. ಜೊತೆಗೆ ಅಮೈಲೇಸ್ ಅನ್ನೋ ಕಿಣ್ವ ಇದೆ. ಗೆಣಸಿನ ಒಳಗೆ ಬಿಸಿ ಸುಮಾರು 60 ಡಿಗ್ರಿ ದಾಟಿದಾಗ ಪಿಷ್ಟದ ಕಣ ನೀರು ಹೀರಿ ಉಬ್ಬುತ್ತದೆ, ಆಗ ಈ ಕಿಣ್ವ ಅದನ್ನು ತುಂಡರಿಸಿ ಮಾಲ್ಟೋಸ್ ಅನ್ನೋ ಸಕ್ಕರೆ ಮಾಡುತ್ತಾ ಹೋಗುತ್ತದೆ. 80 ಡಿಗ್ರಿ ಹತ್ತಿರ ಬಂದರೆ ಕಿಣ್ವವೇ ಸತ್ತುಹೋಗುತ್ತದೆ. ಅಂದರೆ ಸಿಹಿ ತಯಾರಾಗಲು ಸಿಗೋ ಸಮಯ ಈ ಎರಡರ ನಡುವೆ ಮಾತ್ರ. ಸಣ್ಣ ಉರಿಯಲ್ಲಿ ಇಡೀ ಗೆಣಸು ಆ ದಾರಿಯನ್ನು ನಿಧಾನವಾಗಿ ದಾಟಿತು, ಕುಕ್ಕರಿನಲ್ಲಿ ಸಣ್ಣ ಹೋಳು ಕೆಲವೇ ನಿಮಿಷದಲ್ಲಿ ಹಾರಿಹೋಯಿತು. ಸುಟ್ಟಾಗ ನೀರು ಆವಿಯಾಗಿ ಇದ್ದ ಸಿಹಿ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೇ ಆ ಪಾಕ.

ಕುಕ್ಕರ್ ತಪ್ಪು ಅಂತಲ್ಲ. ಖಾರದ ಅಡುಗೆಗೆ ಸಿಹಿ ಕಡಿಮೆ ಬೇಕಿದ್ದರೆ ಅದೇ ಒಳ್ಳೆಯದು. ಆದರೆ ಹಸಿ ಗೆಣಸನ್ನು ಫ್ರಿಜ್‌ನಲ್ಲಿ ಇಡಬೇಡಿ. ಸುಮಾರು 13 ಡಿಗ್ರಿಗಿಂತ ತಂಪು ಅದಕ್ಕೆ ಆಗಿಬರುವುದಿಲ್ಲ, ಎಷ್ಟು ಬೇಯಿಸಿದರೂ ನಡುವೆ ಗಟ್ಟಿಯಾಗೇ ಉಳಿಯುತ್ತದೆ.

ಬಾಳೆಯಲ್ಲೂ ಇದೇ ಕಥೆ, ಆದರೆ ಒಲೆ ಬೇಡ. ಹಸಿರು ಕಾಯಿಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಪಿಷ್ಟ. ಪೂರ್ತಿ ಹಣ್ಣಾದಾಗ ಅದು ಶೇಕಡಾ 1–2ಕ್ಕೆ ಇಳಿದಿರುತ್ತದೆ, ಉಳಿದದ್ದೆಲ್ಲ ಸಕ್ಕರೆ. ಹಾಗಾಗಿ ಕಾಯಿ ಇದ್ದಾಗ ಆಲೂಗಡ್ಡೆ ಹಾಗೆ ಹುರಿಯಬಹುದು. ಸ್ವಲ್ಪ ಹಳದಿ ತಿರುಗಿದ್ದನ್ನು ಅದೇ ಎಣ್ಣೆಗೆ ಹಾಕಿ ನೋಡಿ, ಬೇಯುವ ಮೊದಲೇ ಅಂಚು ಕಪ್ಪಾಗುತ್ತದೆ.

ತೋಟದಂಚು:

ಕೆಸುವಿನ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು, ಚರ್ಮಕ್ಕೆ ಚುಚ್ಚುತ್ತವೆ. ಕೈ ಒಣಗಿರಲಿ, ಎಣ್ಣೆ ಸವರಿಕೊಳ್ಳಿ, ಇಲ್ಲವೇ ಸಿಪ್ಪೆ ಸಮೇತ ಬೇಯಿಸಿ ಆಮೇಲೆ ಸುಲಿಯಿರಿ. ಗಂಟಲು ಕೆರೆದಿದೆ ಅಂದರೆ ಬೆಂದದ್ದು ಸಾಲದು. ಚೂರಿ ಸಲೀಸಾಗಿ ಇಳಿದ ಮೇಲೂ ಇನ್ನೊಂದಷ್ಟು ಹೊತ್ತು ಬೇಯಲಿ, ಹುಣಸೆ ರಸ ಹಾಕಿ. ಸುವರ್ಣಗಡ್ಡೆಗೂ ಇದೇ.

ಬೇರುನಾರು:

ಜೀಗುಜ್ಜೆ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ, ದೀವಿ ಹಲಸು ಅಂತಾರಲ್ಲ ಅದು. ನನಗೆ ತುಂಬಾ ಇಷ್ಟ. ಬಲಿತದ್ದನ್ನು ಇಡಿಯಾಗಿ ಕೆಂಡದಲ್ಲಿ ಹಾಕಿ, ಸಿಪ್ಪೆ ಕರಿಯಾಗೋವರೆಗೆ ಬಿಟ್ಟು, ಬಿಡಿಸಿದರೆ ಆಗತಾನೇ ಸುಟ್ಟ ಬ್ರೆಡ್ಡಿನ ಘಮ. ಸಿಪ್ಪೆ ಮೇಲೆ ಒಣಗಿದ ಮೇಣದ ಚುಕ್ಕೆ ಕಂಡರೆ ಬಲಿತಿದೆ ಅಂತ ಅರ್ಥ. ಮೆತ್ತಗಾಗಿದ್ದರೆ ಅದು ಹಣ್ಣು, ಸಿಹಿ ತಿಂಡಿಗೆ ಸರಿ. ಇದರ ಸಸಿಗಳನ್ನು ಟಹೀಟಿಯಿಂದ ವೆಸ್ಟ್ ಇಂಡೀಸಿಗೆ ಸಾಗಿಸುತ್ತಿದ್ದಾಗಲೇ 1789ರಲ್ಲಿ ಬೌಂಟಿ ಹಡಗಿನಲ್ಲಿ ದಂಗೆ ಎದ್ದದ್ದು, ಸಸಿಗಳೆಲ್ಲ ಸಮುದ್ರದ ಪಾಲಾದವು. ಕೊನೆಗೆ ತಲುಪಿದ್ದು 1793ರಲ್ಲಿ, ಬೇರೆ ಹಡಗಿನಲ್ಲಿ.

ಗೆಣಸಿನಬಳ್ಳಿ:

ತುಂಬಾ ಥ್ಯಾಂಕ್ಸ್, ಎಲ್ಲರಿಗೂ. ನಿನ್ನೆ ಒಂದೇ ಗೆಣಸನ್ನು ಎರಡು ಮಾಡಿ ನೋಡಿದೆ. ಅರ್ಧ ಕುಕ್ಕರಿಗೆ, ಅರ್ಧ ಸಣ್ಣ ಉರಿಗೆ. ಕಣ್ಣು ಮುಚ್ಚಿಸಿ ಮಗಳಿಗೆ ಕೊಟ್ಟೆ, ಎರಡನೆಯದಕ್ಕೆ ಬೆಲ್ಲ ಹಾಕಿದ್ದೀಯಾ ಅಂದಳು. ಮರಗೆಣಸು ಈಗ ನೀರಿನಲ್ಲಿ ನೆನೆಯುತ್ತಿದೆ, ನಾಳೆ ಬೇಯಿಸಿ ಹೇಳುತ್ತೇನೆ.