ಹನ್ನೊಂದು ದಿನ ಇಂಜೆಕ್ಷನ್, ಸಿಕ್ಕಿದ್ದು ಎರಡೇ ಎಗ್. ಮುಂದೇನು ಮಾಡಲಿ?

ಹೇಮಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 36, ಮದುವೆಯಾಗಿ ಎಂಟು ವರ್ಷ. ಎಎಂಎಚ್ (ಓವರಿಯಲ್ಲಿ ಎಷ್ಟು ಎಗ್ ಉಳಿದಿದೆ ಅಂತ ಹೇಳುವ ರಕ್ತ ಪರೀಕ್ಷೆ) 0.6, ಅಂದರೆ ಕಡಿಮೆ. ಸ್ಕ್ಯಾನ್‌ನಲ್ಲಿ ಎರಡೂ ಕಡೆ ಸೇರಿ ನಾಲ್ಕು ಸಣ್ಣ ಫಾಲಿಕಲ್ (ಎಗ್ ಬೆಳೆಯುವ ಚೀಲ). ಟ್ಯೂಬ್ ಒಂದು ಕಡೆ ಓಪನ್ ಇದೆ. ಯಜಮಾನರ ರಿಪೋರ್ಟ್ ನಾರ್ಮಲ್. 29ನೇ ವಯಸ್ಸಿನಲ್ಲಿ ಎಡಗಡೆ ಓವರಿಯಲ್ಲಿ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗಡ್ಡೆ) ಇದೆ ಅಂತ ಲ್ಯಾಪ್ರೋಸ್ಕೋಪಿ ಮಾಡಿ ತೆಗೆದಿದ್ದರು. ಅದರಿಂದ ಎಗ್ ಕಡಿಮೆಯಾಗಬಹುದು ಅಂತ ಆಗ ಒಬ್ಬರೂ ಹೇಳಲಿಲ್ಲ.

ಹಾಸನದಿಂದ ಬೆಂಗಳೂರಿಗೆ ಹೋಗಿ, ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ಮೊದಲ ಐವಿಎಫ್ ಮಾಡಿಸಿದೆ. ಎಗ್ ಬೆಳೆಸುವ ಇಂಜೆಕ್ಷನ್ ದಿನಕ್ಕೆ 450 ಯೂನಿಟ್, ಹನ್ನೊಂದು ದಿನ. ಹೊಟ್ಟೆ ತುಂಬ ನೀಲಿ ಕಲೆ. ಮೂರು ಫಾಲಿಕಲ್ ಬೆಳೆದಿದೆ ಎಂದರು, ಪಿಕಪ್ (ಎಗ್ ಹೊರತೆಗೆಯುವ) ದಿನ ಬಂದಿದ್ದು ಎರಡು, ಅದರಲ್ಲಿ ಬಲಿತದ್ದು ಒಂದೇ. ಮೂರನೇ ದಿನ ಆ ಒಂದು ಎಂಬ್ರಿಯೋ (ಭ್ರೂಣ) ಹಾಕಿದರು. ನೆಗೆಟಿವ್. ಪಕ್ಕದ ಬೆಡ್‌ನವರಿಗೆ ಹದಿನಾರು ಬಂತು ಅಂತ ನರ್ಸ್ ಹೇಳುತ್ತಿದ್ದುದು ಪರದೆ ಆಚೆಯಿಂದ ಕೇಳಿಸಿತು, ಅವತ್ತು ಅತ್ತಷ್ಟು ರಿಸಲ್ಟ್ ದಿನವೂ ಅಳಲಿಲ್ಲ.

ಈಗ ಮೂರು ದಾರಿ ಹೇಳಿದ್ದಾರೆ. ಮೂರು ತಿಂಗಳು ಡಿಎಚ್‌ಇಎ ಅನ್ನುವ ಹಾರ್ಮೋನ್ ಮತ್ತು ವಿಟಮಿನ್ ಥರದ ಕೋಕ್ಯೂ10 ಮಾತ್ರೆ ತಿಂದು ಇನ್ನೂ ಜಾಸ್ತಿ ಡೋಸ್‌ನಲ್ಲಿ ಮತ್ತೆ ಮಾಡುವುದು. ಇಲ್ಲಾಂದ್ರೆ ಓವರಿಗೆ ಪಿಆರ್‌ಪಿ ಇಂಜೆಕ್ಷನ್. ಅದೂ ಬೇಡ ಅಂದ್ರೆ ಡೋನರ್ ಎಗ್. ನಮ್ಮ ಕೈಯಲ್ಲಿರುವ ದುಡ್ಡು ಹೆಚ್ಚೆಂದರೆ ಇನ್ನೊಂದೂವರೆ ಸೈಕಲ್‌ಗೆ ಸಾಕು. ನಿಜವಾಗಿ ಉಪಯೋಗ ಇರುವುದು ಯಾವುದು?

ಸಂಪಿಗೆಮರ:
ತಂಗಿ, ನನ್ನ ಎಎಂಎಚ್ 0.5 ಇತ್ತು, ಆಗ ನನಗೆ 37. ನನಗೂ ಮೊದಲ ಸಲ 450 ಯೂನಿಟ್ಟೇ. ಎರಡು ಎಗ್, ಎಂಬ್ರಿಯೋ ಸೊನ್ನೆ. ಎರಡನೇ ಡಾಕ್ಟರ್ ಫೈಲ್ ನೋಡಿ, ಡೋಸ್ ಏರಿಸಿ ಪ್ರಯೋಜನ ಇಲ್ಲ, ಇಳಿಸೋಣ ಎಂದರು. ಇವರು ನನ್ನ ಮೇಲೆ ಆಸೆಯನ್ನೇ ಬಿಟ್ಟರಾ ಅಂತ ಸಿಟ್ಟು ಬಂದಿತ್ತು. ಐದು ದಿನ ಲೆಟ್ರೋಜೋಲ್ ಮಾತ್ರೆ, ಜೊತೆಗೆ ದಿನಕ್ಕೆ 150 ಯೂನಿಟ್. ಬಂದಿದ್ದು ಎರಡು. ಅಂದರೆ ಮೂರು ಪಟ್ಟು ಔಷಧಿಗೆ ಎಷ್ಟು ಬಂದಿತ್ತೋ ಅಷ್ಟೇ! ಇಂಜೆಕ್ಷನ್ ಖರ್ಚು ಮಾತ್ರ ಮೂರನೇ ಒಂದು ಪಾಲು. ಆ ಉಳಿದ ದುಡ್ಡಿನಲ್ಲೇ ಇನ್ನೆರಡು ಪಿಕಪ್ ಆಯಿತು, ಒಂದು ಸಲ ಒಂದು, ಇನ್ನೊಂದು ಸಲ ಮೂರು. ತಕ್ಷಣ ಹಾಕಲಿಲ್ಲ, ಬಂದ ಎಂಬ್ರಿಯೋ ಎಲ್ಲ ಫ್ರೀಜ್ ಮಾಡಿಟ್ಟರು. ಒಟ್ಟು ಮೂರು ಕೂಡಿತು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ಈಗ ಸೋಫಾ ಮೇಲೆ ನಿಂತು ಕುಣಿಯುತ್ತಿದೆ, ಇದನ್ನು ಟೈಪ್ ಮಾಡಲೂ ಬಿಡುತ್ತಿಲ್ಲ.

ನನಗೆ ಆಯಿತು ಅಂತ ನಿಮಗೂ ಆಗುತ್ತದೆ ಅನ್ನಲಾರೆ. ನನ್ನ ಜೊತೆ ಅದೇ ತಿಂಗಳು ಶುರು ಮಾಡಿದ ಗೆಳತಿಗೆ ನಾಲ್ಕು ಪಿಕಪ್ ಆದರೂ ಏನೂ ಆಗಲಿಲ್ಲ.

ಡಿಎಚ್‌ಇಎ ನಾನೂ ಮೂರು ತಿಂಗಳು ತಿಂದೆ. ಮುಖದ ತುಂಬ ಮೊಡವೆ ಬಂತು, ಎಗ್ ಹೆಚ್ಚಲಿಲ್ಲ.

ಹಸಿರುಬಳೆ:
ಇದೆಲ್ಲ ಬಿಟ್ಟು ಒಂದು ಮಂಡಲ ಕಷಾಯ ಕುಡಿಯಿರಿ ಮೇಡಂ. ನಮ್ಮ ಸಂಬಂಧಿಕರೊಬ್ಬರಿಗೆ ಎಎಂಎಚ್ 0.4 ಇದ್ದದ್ದು 1.1 ಆಯಿತು. ಬೇಕಾದರೆ ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ.

ಲ್ಯಾಬ್‌ಕೋಟು:
ಮೇಲಿನವರಿಗೆ: ಎಎಂಎಚ್ ಒಬ್ಬರಲ್ಲೇ ಒಂದು ತಿಂಗಳಿಂದ ಇನ್ನೊಂದಕ್ಕೆ ಏರುಪೇರು ಆಗುತ್ತದೆ. ಲ್ಯಾಬ್ ಬದಲಾದರೂ ಬದಲಾಗುತ್ತದೆ, ಗರ್ಭನಿರೋಧಕ ಮಾತ್ರೆ ತಿನ್ನುತ್ತಿದ್ದರೆ ಇಳಿದು ಕಾಣಿಸುತ್ತದೆ, ಬಿಟ್ಟರೆ ಏರುತ್ತದೆ. ಆ ಒಂದು ಸಂಖ್ಯೆ ಹಿಡಿದು ಕಷಾಯ ಮಾರಬೇಡಿ.

ನಾನು ಎಂಬ್ರಿಯಾಲಜಿ ಲ್ಯಾಬ್‌ನಲ್ಲಿ ಹತ್ತು ವರ್ಷದಿಂದ ಇದ್ದೇನೆ. ಡಾಕ್ಟರ್ ಅಲ್ಲ, ಆದ್ದರಿಂದ ಇದನ್ನು ಔಷಧಿ ಚೀಟಿ ಅಂದುಕೊಳ್ಳಬೇಡಿ, ನಿಮ್ಮ ಡಾಕ್ಟರ್ ಮುಂದೆ ಕೂತಾಗ ಕೇಳಲು ಇಟ್ಟುಕೊಳ್ಳಿ.

ಇಂಜೆಕ್ಷನ್ ಹೊಸ ಎಗ್ ಹುಟ್ಟಿಸುವುದಿಲ್ಲ. ಆ ತಿಂಗಳು ಓವರಿಯಲ್ಲಿ ಎಷ್ಟು ಸಣ್ಣ ಫಾಲಿಕಲ್ ಎದ್ದಿವೆಯೋ, ಅವು ಬಾಡಿಹೋಗದಂತೆ ಬೆಳೆಸುತ್ತದೆ, ಅಷ್ಟೇ. ನೀವು ಹಾಸನದವರು, ಆಲೂಗಡ್ಡೆ ಹೊಲ ನೋಡಿರುತ್ತೀರಿ. ನಾಲ್ಕೇ ಗಡ್ಡೆ ನೆಟ್ಟ ಸಾಲಿಗೆ ಮೂರು ಮೂಟೆ ಗೊಬ್ಬರ ಸುರಿದರೆ ಗಿಡ ನಾಲ್ಕೇ ಬರುವುದು. ನೆದರ್‌ಲ್ಯಾಂಡ್ಸ್‌ನಲ್ಲಿ ಆಪ್ಟಿಮಿಸ್ಟ್ ಅಂತ ಒಂದು ದೊಡ್ಡ ಅಧ್ಯಯನ ಆಯಿತು, 2017ರಲ್ಲಿ ಪ್ರಕಟವಾಯಿತು. ಫಾಲಿಕಲ್ ಕಡಿಮೆ ಇರುವ 511 ಮಹಿಳೆಯರಲ್ಲಿ ಒಂದು ಗುಂಪಿಗೆ 150 ಯೂನಿಟ್, ಇನ್ನೊಂದಕ್ಕೆ ಫಾಲಿಕಲ್ ಲೆಕ್ಕ ನೋಡಿ 225 ಅಥವಾ 450. ಮಗು ಆದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ, ಖರ್ಚು ಮಾತ್ರ ಜಾಸ್ತಿ. ಯುರೋಪಿನ ತಜ್ಞರ ಸಂಘ ಎಶ್ರೆ ಕೂಡ 2019ರ ಮಾರ್ಗಸೂಚಿಯಲ್ಲಿ ಇಂಥವರಿಗೆ 300 ದಾಟುವುದು ಬೇಡ ಎಂದಿದೆ. ಹಾಗಿರುವಾಗ ನಿಮಗೆ "ಇನ್ನೂ ಜಾಸ್ತಿ ಡೋಸ್" ಯಾಕೆ? ಇದನ್ನು ಬಾಯಿಬಿಟ್ಟು ಕೇಳಿ.

ಡಿಎಚ್‌ಇಎ, ಗ್ರೋತ್ ಹಾರ್ಮೋನ್ ಎರಡಕ್ಕೂ ಅದೇ ಮಾರ್ಗಸೂಚಿ ಒಪ್ಪಿಗೆ ಕೊಟ್ಟಿಲ್ಲ. ಕೋಕ್ಯೂ10 ತಿಂದವರಲ್ಲಿ ಎಗ್ ಸ್ವಲ್ಪ ಹೆಚ್ಚು ಬಂದ ಅಧ್ಯಯನ ಇದೆ, ಮಗು ಹೆಚ್ಚು ಆಯಿತು ಅನ್ನುವಷ್ಟು ಗಟ್ಟಿ ಆಧಾರ ಇಲ್ಲ. ತಿಂದರೆ ದೊಡ್ಡ ತೊಂದರೆಯೂ ಇಲ್ಲ. ಪಿಆರ್‌ಪಿ ಮಾತ್ರ ನನಗೆ ಸಿಟ್ಟು ಬರಿಸುವ ವಿಷಯ. ನಿಮ್ಮದೇ ರಕ್ತ ತೆಗೆದು, ಪ್ಲೇಟ್‌ಲೆಟ್ ಬೇರ್ಪಡಿಸಿ, ಸೂಜಿಯಲ್ಲಿ ಓವರಿಗೆ ಹಾಕುತ್ತಾರೆ. ಅದಿನ್ನೂ ಪ್ರಯೋಗದ ಹಂತದ್ದು. ಎಶ್ರೆ 2023ರಲ್ಲಿ ಬೇಡ ಎಂದೇ ಬರೆದಿದೆ. ಪ್ರಯೋಗ ಮಾಡುವವರು ದುಡ್ಡು ತೆಗೆದುಕೊಳ್ಳಬಾರದು, ಅಲ್ವಾ?

ಇನ್ನೊಂದು ಮಾತು. ಎಎಂಎಚ್ ಹೇಳುವುದು ಎಷ್ಟು ಎಗ್ ಉಳಿದಿದೆ ಅಂತ. ಆ ಎಗ್ ಹೇಗಿದೆ ಅನ್ನುವುದನ್ನು ಮುಖ್ಯವಾಗಿ ವಯಸ್ಸು ತೀರ್ಮಾನಿಸುತ್ತದೆ. ಎಎಂಎಚ್ 3 ಇರುವ 42ರವರಿಗಿಂತ 0.6 ಇರುವ 36ರವರ ಒಂದೊಂದು ಎಗ್ಗಿಗೂ ಅವಕಾಶ ಜಾಸ್ತಿ. ಆದ್ದರಿಂದ ಮಾತ್ರೆ ತಿನ್ನುತ್ತಾ ತಿಂಗಳುಗಟ್ಟಲೆ ಕಾಯುವುದು ನಿಮಗೆ ಲಾಭವಲ್ಲ. ಸಂಪಿಗೆಮರ ಅವರು ಹೇಳಿದ ಕೂಡಿಡುವ ದಾರಿ ಕೇಳಿ ನೋಡಿ. ಡುಯೋಸ್ಟಿಮ್ ಅಂತಲೂ ಇದೆ, ಒಂದು ಪಿಕಪ್ ಆದ ಕೆಲವೇ ದಿನಕ್ಕೆ ಅದೇ ತಿಂಗಳಲ್ಲಿ ಮತ್ತೆ ಇಂಜೆಕ್ಷನ್ ಶುರು ಮಾಡಿ ಎರಡನೇ ಪಿಕಪ್ ಮಾಡುತ್ತಾರೆ. ಸಮಯ ಉಳಿಯುತ್ತದೆ. ನಿಮ್ಮ ಹಾಗೆ ದೂರದಿಂದ ಬಂದು ನೆಂಟರ ಮನೆಯಲ್ಲಿ ಇರುವವರಿಗೆ ರಜೆಯೂ ಉಳಿಯುತ್ತದೆ.

ಆಮೇಲೆ, ಮೂರು ಫಾಲಿಕಲ್‌ಗೆ ಎರಡು ಎಗ್, ಅದರಲ್ಲೊಂದು ಬಲಿತಿರಲಿಲ್ಲ ಎಂದಿರಿ. ಎಗ್ ಬಲಿಯಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು, ಪಿಕಪ್ ಎಷ್ಟು ಗಂಟೆಗೆ ಆಯಿತು? ಸುಮಾರು 36 ಗಂಟೆ ಅಂತರ ಇರಬೇಕು. ನಾಲ್ಕು ಫಾಲಿಕಲ್ ಇರುವವರಿಗೆ ಒಂದು ಎಗ್ ಕಳೆದುಹೋದರೆ ಕಾಲು ಪಾಲು ಹೋದ ಹಾಗೆ.

ಜಗತ್ತಿನ ಮೊದಲ ಐವಿಎಫ್ ಮಗು, 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್, ಇಂಜೆಕ್ಷನ್ನೇ ಇಲ್ಲದೆ ಆ ತಿಂಗಳು ತಾನಾಗಿ ಬೆಳೆದ ಒಂದೇ ಎಗ್ಗಿನಿಂದ ಹುಟ್ಟಿದ್ದು. ಹದಿನಾರರ ಲೆಕ್ಕ ಕೇಳಿ ಅತ್ತಿರಿ ಎಂದದ್ದಕ್ಕೆ ಇದನ್ನು ಬರೆದೆ.

ಮಂಜಿನಕೊಡೆ:
ನಾನು ಲೆಸ್ಟರ್‌ನಲ್ಲಿ ಇರುವುದು. ಒಂದು ಸಣ್ಣ ವಿಷಯ. ಬೇರೆ ದೇಶದವರ ಪೋಸ್ಟ್ ಓದಿ ಎಎಂಎಚ್ ಹೋಲಿಸಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಪಿಕೋಮೋಲ್ ಲೆಕ್ಕ, ನಿಮ್ಮಲ್ಲಿ ನ್ಯಾನೋಗ್ರಾಮ್, ಹಾಗಾಗಿ ನಿಮ್ಮ 0.6 ಇಲ್ಲಿನ ರಿಪೋರ್ಟ್‌ನಲ್ಲಿ ಸುಮಾರು 4.3 ಅಂತ ಬರುತ್ತದೆ. ನಾನು ಇದು ಗೊತ್ತಿಲ್ಲದೆ ಊರಿನ ಚಿಕ್ಕಮ್ಮನ ಮಗಳಿಗೆ "ನನ್ನದು ನಿನ್ನದಕ್ಕಿಂತ ಆರು ಪಟ್ಟು ಇದೆ" ಎಂದು ಬೀಗಿದ್ದೆ!

ನಾನು ಕೊನೆಗೆ ಡೋನರ್ ಎಗ್‌ಗೆ ಹೋದೆ. ಅದನ್ನು ಸೋತವರು ಹಿಡಿಯುವ ದಾರಿ ಅನ್ನುವ ಹಾಗೆ ಮಾತಾಡುತ್ತಾರೆ, ಬೇಜಾರಾಗುತ್ತದೆ. ಆದರೆ ನೀವು ಒಪ್ಪುವ ಮೊದಲು ಯಾರೂ ಅವಸರ ಮಾಡುವ ಹಾಗಿಲ್ಲ. ನನಗೆ ಮನಸ್ಸು ಒಪ್ಪಲು ಒಂದು ವರ್ಷ ಬೇಕಾಯಿತು.

ಲ್ಯಾಬ್‌ಕೋಟು:
ಡೋನರ್ ಬಗ್ಗೆ ನಮ್ಮ ಕಾನೂನು ಸೇರಿಸುತ್ತೇನೆ. 2021ರ ಎಆರ್‌ಟಿ ಕಾಯ್ದೆ (ಐವಿಎಫ್ ಥರದ ಚಿಕಿತ್ಸೆಗಳ ಕಾನೂನು) ಪ್ರಕಾರ ಎಗ್ ಕೊಡುವವರಿಗೆ 23ರಿಂದ 35 ವರ್ಷ ಆಗಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಎಗ್ ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ 50ರವರೆಗೆ ಅವಕಾಶ ಇದೆ. ಅಂದರೆ ಆ ಬಾಗಿಲು ನಿಮಗೆ ನಾಳೆಯೇ ಮುಚ್ಚುವುದಿಲ್ಲ. ಸ್ವಂತ ಎಗ್ಗಿನ ಬಾಗಿಲಿಗೆ ಮಾತ್ರ ಗಡಿಯಾರ ಇದೆ.

ಹೇಮಾವತಿ_ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಫೈಲ್ ತೆಗೆದು ನೋಡಿದೆ. ಟ್ರಿಗರ್ ಇಂಜೆಕ್ಷನ್ ರಾತ್ರಿ 9ಕ್ಕೆ ಅಂತ ಬರೆದಿದೆ. ಅವತ್ತು ಅಕ್ಕನ ಮನೆ ಹತ್ತಿರದ ನರ್ಸ್ ಬರುವುದು ತಡವಾಗಿ ಹಾಕಿದಾಗ ಹತ್ತೂವರೆ ದಾಟಿತ್ತು. ಪಿಕಪ್ ಅದರ ಮಾರನೇ ದಿನವಲ್ಲ, ಅದರಾಚೆ ದಿನ ಬೆಳಿಗ್ಗೆ 9ಕ್ಕೇ ಆಯಿತು. ಒಂದೂವರೆ ಗಂಟೆ ಕಡಿಮೆ. ಅದರಿಂದಲೇ ಹೀಗಾಯಿತೋ ಇಲ್ಲವೋ, ನಾನು ಅದನ್ನು ಅಲ್ಲಿ ಹೇಳಿಯೇ ಇರಲಿಲ್ಲ, ಅವರೂ ಕೇಳಲಿಲ್ಲ.

ಗುರುವಾರ ಬೇರೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಕಡಿಮೆ ಡೋಸ್, ಎರಡು ಪಿಕಪ್, ಎಂಬ್ರಿಯೋ ಕೂಡಿಡುವುದು, ಇಷ್ಟರ ಬಗ್ಗೆ ಕೇಳಬೇಕು ಅಂತ ಚೀಟಿ ಬರೆದಿದ್ದೇನೆ. ಪಿಆರ್‌ಪಿಗೆ ಐದು ಸಾವಿರ ಅಡ್ವಾನ್ಸ್ ಕಟ್ಟಿಬಿಟ್ಟಿದ್ದೆ, ಅದನ್ನು ವಾಪಸ್ ಕೇಳಲು ಯಜಮಾನರು ಈಗಷ್ಟೇ ಫೋನ್ ಹಿಡಿದು ಹೊರಗೆ ಹೋದರು.