ಅಪ್‌ಡೇಟ್: ಮಗಳ ದತ್ತು ವಿಚಾರದಲ್ಲಿ ನಮ್ಮ ನಿರ್ಧಾರ

ವಿಚ್ಛೇದನದ ನಂತರ ಮರುಮದುವೆಯಾದ ನಾನು, ಈಗಿನ ಪತಿ ನನ್ನ ಮಗಳನ್ನು ದತ್ತು ಪಡೆಯಲು ಅವಳ ತಂದೆಯ ಒಪ್ಪಿಗೆ ಬೇಕೇ ಎಂದು ಈ ಹಿಂದೆ ಕೇಳಿದ್ದೆ. ಸಾಮಾನ್ಯವಾಗಿ ಬೇಕಾಗುತ್ತದೆ ಎಂದ ವಕೀಲರು, ಪೂರ್ಣ ದತ್ತು ಆದೇಶವಾದರೆ ಹೆತ್ತ ತಂದೆಯೊಂದಿಗಿನ ಕಾನೂನು ಸಂಬಂಧವೇ ಸಾಮಾನ್ಯವಾಗಿ ಕಡಿದುಹೋಗುತ್ತದೆ, ಅವರ ಜೀವನಾಂಶದ ಹೊಣೆಯೂ ಅದರೊಂದಿಗೆ ಮುಗಿಯಬಹುದು ಎಂದು ವಿವರಿಸಿದರು. ಅಪ್ಪನ ಮನೆಗೆ ಹೋಗುವ ಹಿಂದಿನ ರಾತ್ರಿಯೇ ತನ್ನ ಬ್ಯಾಗ್ ತಾನೇ ತುಂಬಿಟ್ಟುಕೊಳ್ಳುವ ಮಗುವಿಗೆ ಇದು ಖಂಡಿತ ನ್ಯಾಯವಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯೂ, ಮಗುವಿನ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ, ತಂದೆ ತಾಯಿ ಇಬ್ಬರೊಂದಿಗೂ ಒಡನಾಟ ಉಳಿಸಿಕೊಳ್ಳುವ ಹಕ್ಕನ್ನು ಮಗುವಿಗೇ ಕೊಡುತ್ತದೆ. ಹಾಗಾಗಿ ದತ್ತು ಅರ್ಜಿಯನ್ನು ಕೈಬಿಟ್ಟು, ಶಾಲೆಯಿಂದ ಕರೆತರುವ ಮತ್ತು ತುರ್ತು ಚಿಕಿತ್ಸೆಗೆ ಸಹಿ ಹಾಕುವ ಅಧಿಕಾರ ಪತಿಗೂ ಸಿಗುವಂತೆ ಪಾಲನೆಯ ಒಪ್ಪಂದವನ್ನು ತಿದ್ದಿ ಬರೆಸಿದ್ದೇವೆ. ಅವಳ ತಂದೆ ಸಹಿ ಮಾಡಿದ್ದಾರೆ. ನ್ಯಾಯಾಲಯದ ಅನುಮೋದನೆ ಮಾತ್ರ ಬಾಕಿಯಿದೆ.