‘ಬುದ್ಧಿಲಬ್ಧ’ ಇಲ್ಲಿ ಹೊಂದುತ್ತದೆಯೇ?

ಬಳಗದವರಿಗೆ ನಮಸ್ಕಾರ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಕನ್ನಡಿಸುತ್ತಿದ್ದೇನೆ. ಅಮೆರಿಕದ ಯಾವ ರಾಜ್ಯದವರು ಎಷ್ಟು ಬುದ್ಧಿವಂತರು ಎನ್ನುವ ಪಟ್ಟಿ ಅದರಲ್ಲಿದೆ. ರಾಜ್ಯದ ಸರಾಸರಿ ಐಕ್ಯೂ, ಅಂದರೆ ಬುದ್ಧಿಯನ್ನು ಅಳೆಯುವ ಅಂಕ, ಮೇಲುಗಡೆ ಮ್ಯಾಸಚೂಸೆಟ್ಸ್‌ಗೆ 104.3, ತಳದಲ್ಲಿ ಮಿಸಿಸಿಪಿಗೆ 94.2. ‘ಐಕ್ಯೂ’ ಬಂದಲ್ಲೆಲ್ಲ ‘ಬುದ್ಧಿಲಬ್ಧ’ ಎಂದು ಬರೆದುಕೊಂಡು ಹೋದವನಿಗೆ ಪಟ್ಟಿಯ ತಲೆಬರಹದ ಹತ್ತಿರ ಕೈ ತಡೆಯಿತು.

ಯಾಕೆಂದರೆ ಅಲ್ಲಿ ಯಾರೂ ಯಾರ ಬುದ್ಧಿಯನ್ನೂ ಅಳೆದಿಲ್ಲ. ‘ನೇಪ್’ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ 4 ಮತ್ತು 8ನೇ ತರಗತಿಯ ಮಕ್ಕಳು ಓದು, ಗಣಿತಗಳಲ್ಲಿ ಪಡೆದ ಅಂಕಗಳನ್ನು ಐಕ್ಯೂ ಅಳತೆಗೆ ಇಳಿಸಿ ಸಂಶೋಧಕ ಮೈಕೆಲ್ ಮೆಕ್‌ಡೇನಿಯಲ್ 2006ರಲ್ಲಿ ಮಾಡಿದ ಅಂದಾಜು ಅದು. ಶಾಲೆಯ ಅಂಕ ಒಂದು ಬಾಗಿಲಿನಿಂದ ಒಳಹೋಗಿ ಇನ್ನೊಂದರಿಂದ ‘ಬುದ್ಧಿ’ಯಾಗಿ ಹೊರಬಂದಿದೆ. ಆಮೇಲೆ ‘ಬುದ್ಧಿ ಹೆಚ್ಚಿರುವ ರಾಜ್ಯದಲ್ಲಿ ಶಾಲೆಗಳೂ ಚೆನ್ನಾಗಿವೆ’ ಎಂದರೆ ಹೇಳಿದ್ದನ್ನೇ ಹೇಳಿದಂತಾಯಿತು.

ಮಿಸಿಸಿಪಿಯನ್ನೇ ನೋಡಿ. ನೇಪ್‌ನ 4ನೇ ತರಗತಿಯ ಓದಿನಲ್ಲಿ 2013ರಲ್ಲಿ ಅದರ ಸರಾಸರಿ ಅಂಕ 209, ದೇಶದ್ದು 221. ಅದೇ ವರ್ಷ ಅಲ್ಲಿ ಕಾನೂನು ಬಂತು: 3ನೇ ತರಗತಿ ಮುಗಿದರೂ ಓದಲು ಬಾರದ ಮಗುವನ್ನು ಮೇಲಕ್ಕೆ ಹತ್ತಿಸುವಂತಿಲ್ಲ. ಓದು ಕಲಿಸುವ ಬಗ್ಗೆ ಮೇಷ್ಟರುಗಳಿಗೂ ತರಬೇತಿ ಕೊಟ್ಟರು. 2024ಕ್ಕೆ ಮಿಸಿಸಿಪಿ 219, ದೇಶ 214. ಹನ್ನೊಂದು ವರ್ಷದಲ್ಲಿ ಒಂದು ರಾಜ್ಯದ ‘ಬುದ್ಧಿ’ ಹೀಗೆ ಏರುತ್ತದೆಯೇ? (ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ದಕ್ಷಿಣ ಕನ್ನಡವನ್ನು ‘ಬುದ್ಧಿವಂತರ ಜಿಲ್ಲೆ’ ಎನ್ನುವ ನಾವೂ ಮಾಡುವುದು ಇದನ್ನೇ.)

‘ಲಬ್ಧ’ದ ಮೇಲೆ ನನಗೆ ಬೇರೆ ತಕರಾರೂ ಇದೆ. ಅದು ಭಾಗಲಬ್ಧದ ಲಬ್ಧ. ಮಗುವಿನ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಿದ್ದ ಕಾಲಕ್ಕೆ ಸರಿಹೋಗುತ್ತಿತ್ತು. ಈಗ ಭಾಗಾಕಾರವೇ ಇಲ್ಲ, ಓರಗೆಯವರ ಸರಾಸರಿಯಿಂದ ಎಷ್ಟು ದೂರ ಎಂದಷ್ಟೇ ಲೆಕ್ಕ. ‘ಬುದ್ಧಿಮಟ್ಟ’ ಎಂದರೆ ಮಾತಿಗೆ ಹತ್ತಿರ, ಆದರೆ ‘ಬುದ್ಧಿ’ ಅಲ್ಲೂ ಬಿಡಲಿಲ್ಲ. ‘ಬುದ್ಧಿಮತ್ತೆ’ಯನ್ನು ಕಂಪ್ಯೂಟರಿನವರು ಎತ್ತಿಕೊಂಡು ಹೋಗಿದ್ದಾರೆ. ಸದ್ಯಕ್ಕೆ ‘ಕಲಿಕೆಯ ಅಂಕದಿಂದ ಅಂದಾಜಿಸಿದ ಐಕ್ಯೂ’ ಎಂದು ಬರೆದಿದ್ದೇನೆ. ಅರ್ಥ ಸರಿ, ಪಟ್ಟಿಯ ಕಿರುಸಾಲಿನಲ್ಲಿ ಕೂರುತ್ತಿಲ್ಲ. ‘ಕಲಿಕಾಮಟ್ಟ’ ಎಂದರೆ ಮೂಲಕ್ಕೆ ದ್ರೋಹವೇ?

ಜೊತೆಗೆ ಇನ್ನೊಂದು. ನೇಪ್‌ನಲ್ಲಿ ‘ಬೇಸಿಕ್’, ‘ಪ್ರೊಫಿಷಿಯೆಂಟ್’, ‘ಅಡ್ವಾನ್ಸ್ಡ್’ ಎಂದು ಮೂರು ಹಂತ. ನಡುವಿನದು ತರಗತಿಗೆ ತಕ್ಕ ಮಟ್ಟವಲ್ಲ, ಅದಕ್ಕಿಂತ ಮೇಲು. 2024ರಲ್ಲಿ 4ನೇ ತರಗತಿಯ ಶೇ. 31 ಮಕ್ಕಳಷ್ಟೇ ಓದಿನಲ್ಲಿ ಆ ಹಂತ ಮುಟ್ಟಿದ್ದು. ಲೇಖಕರು ಉಳಿದವರಿಗೆಲ್ಲ ಓದಲು ಬರುವುದಿಲ್ಲ ಎಂದುಬಿಟ್ಟಿದ್ದಾರೆ. ನಾನು ಅಡಿಯಲ್ಲಿ ಒಂದು ಟಿಪ್ಪಣಿ ಹಾಕುತ್ತೇನೆ. ಆದರೆ ‘ಪ್ರೊಫಿಷಿಯೆಂಟ್’ಗೆ ಕನ್ನಡವೇನು? ‘ಸಮರ್ಥ’ ಎಂದರೆ ಅದೇ ತಪ್ಪು ಮರುಕಳಿಸುತ್ತದೆ. ‘ಪ್ರವೀಣ’ ಹೇಗೆ? ವೀಣೆಯಲ್ಲಿ ಪಳಗಿದವನು ಎಂಬ ವ್ಯುತ್ಪತ್ತಿ ಹೇಳುತ್ತಾರೆ. ಹತ್ತು ವರ್ಷದ ಮಗುವಿಗೆ ಕೊಂಚ ದೊಡ್ಡ ಅಂಗಿಯಾಯಿತೇನೋ.

ಭಾನುವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.